ಬರೆಯುವವರು ಒಬ್ಬರು, ಓದುವವರು ಅರವತ್ತೆಂಟು ಮಂದಿ

ಮಳೆಗಾಲ ಶುರುವಾಗಿ ನಾಲ್ಕು ದಿನ ಬಿಡದೆ ಸುರಿಯಿತೆಂದರೆ ಕರಾವಳಿಯ ಎಲ್ಲ ಕಾಲೇಜುಗಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ನಾಳೆ ರಜೆ ಉಂಟಾ?" ಇದಕ್ಕೆ ಉತ್ತರವಾಗಿ ಯಾರೋ ಒಬ್ಬರು ಎಲ್ಲಿಂದಲೋ ಬಂದದ್ದನ್ನು ಫಾರ್ವರ್ಡ್ ಮಾಡುತ್ತಾರೆ: "ಭಾರೀ ಮಳೆ, ನಾಳೆ ಶಾಲಾ ಕಾಲೇಜುಗಳಿಗೆ ರಜೆ." ಯಾವ ನಾಳೆ? ಅದರಲ್ಲಿ ದಿನಾಂಕವಿಲ್ಲ. ಯಾವ ತಾಲೂಕು ಎಂದಿಲ್ಲ. ಪಿಯು ಕಾಲೇಜಿಗೂ ಅನ್ವಯವೋ, ಹತ್ತನೇ ತರಗತಿಯವರೆಗೆ ಮಾತ್ರವೋ ಗೊತ್ತಿಲ್ಲ. ಜಿಲ್ಲಾಧಿಕಾರಿಗಳ ಆದೇಶದಲ್ಲಿ ಇವೆಲ್ಲ ಇರುತ್ತವೆ, ಆದರೆ ಫೋಟೊ ಕತ್ತರಿಸಿ ಕಳುಹಿಸುವಾಗ ದಿನಾಂಕ ಇದ್ದ ಮೇಲಿನ ಭಾಗವೇ ಹೋಗಿರುತ್ತದೆ. ಅದೇ ಸಂದೇಶ ಮರುದಿನ ಸಂಜೆ ಮತ್ತೆ ಹರಿದಾಡಿ ಇನ್ನೊಂದು ರಜೆ ಹುಟ್ಟಿಸುತ್ತದೆ. ಆ ರಾತ್ರಿ ಗ್ರೂಪಿನಲ್ಲಿ ನೂರು ಮೆಸೇಜ್ ಬರುತ್ತವೆ, ವಿಷಯ ಮಾತ್ರ ಯಾರಿಗೂ ಖಚಿತವಾಗುವುದಿಲ್ಲ. ಕೊನೆಗೆ ಬೆಳಿಗ್ಗೆ ಏಳು ಗಂಟೆಗೆ ಸಮವಸ್ತ್ರ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದರೆ ಮಾತ್ರ ಗೊತ್ತಾಗುವುದು.

ಇದನ್ನು ನಾವು ತಮಾಷೆಯೆಂದು ನಕ್ಕು ಬಿಡುತ್ತೇವೆ. ನನಗೆ ಇದು ತಮಾಷೆಯಾಗಿ ಕಾಣುವುದಿಲ್ಲ. ಹಲವರಿಗೆ ಒಟ್ಟಿಗೆ ಏನನ್ನಾದರೂ ಬರೆಯುವಾಗ ಬರೆಯುವವರು ಪಡಬೇಕಾದ ಶ್ರಮವೊಂದಿದೆ. ಅದನ್ನು ಅವರು ಪಡದೆ ಬಿಟ್ಟರೆ ಆ ಶ್ರಮ ಮಾಯವಾಗುವುದಿಲ್ಲ, ಓದುವವರ ತಲೆಗೆ ಬರುತ್ತದೆ. ಅದೂ ಒಬ್ಬರ ತಲೆಗಲ್ಲ, ಎಲ್ಲರ ತಲೆಗೂ.

ನಮ್ಮ ತರಗತಿಯಲ್ಲಿ 68 ಮಂದಿ ಇದ್ದೇವೆ. ಅರ್ಥವಾಗದ ಒಂದು ಮೆಸೇಜ್ ಪ್ರತಿಯೊಬ್ಬರ ಎರಡು ನಿಮಿಷ ತಿಂದರೆ ಒಟ್ಟು 136 ನಿಮಿಷ. ನಮ್ಮ ಒಂದು ಪಿರಿಯಡ್ 45 ನಿಮಿಷ. ಅಂದರೆ ಒಂದು ಅವಸರದ ಮೆಸೇಜಿಗೆ ಮೂರು ಪಿರಿಯಡ್ ಹೋಯಿತು. ಒಬ್ಬ ಉಪನ್ಯಾಸಕರು ಒಂದು ಪಿರಿಯಡ್‌ಗೆ ಬಾರದಿದ್ದರೆ ಪೋಷಕರು ಕೇಳುತ್ತಾರೆ, ಪ್ರಾಂಶುಪಾಲರು ಕೇಳುತ್ತಾರೆ. ಈ ಮೂರು ಪಿರಿಯಡ್‌ಗಳ ಬಗ್ಗೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅವು 68 ಮನೆಗಳಲ್ಲಿ ಚೂರು ಚೂರಾಗಿ ಹೋದವು.

ವಾಯ್ಸ್ ಮೆಸೇಜಿನ ಲೆಕ್ಕ ಇದಕ್ಕಿಂತ ದುಬಾರಿ. ಮೂರು ನಿಮಿಷ ನಲವತ್ತು ಸೆಕೆಂಡಿನ ಒಂದು ವಾಯ್ಸ್ ಬಂತೆನ್ನಿ. ಮಾತಾಡಿದವರಿಗೆ ಟೈಪ್ ಮಾಡುವ ಕಷ್ಟ ತಪ್ಪಿತು. ಕೇಳಿದ 68 ಮಂದಿಯ ಒಟ್ಟು ಸಮಯ ನಾಲ್ಕು ಗಂಟೆಗಿಂತ ಹೆಚ್ಚು. ಬರೆದದ್ದನ್ನಾದರೆ ಕಣ್ಣು ಹಾಯಿಸಿ ಬೇಕಾದ ಸಾಲನ್ನು ಹಿಡಿಯಬಹುದು; ವಾಯ್ಸ್‌ನಲ್ಲಿ "ಹಾಂ… ಮತ್ತೆ ಏನಂದ್ರೆ…" ಎಂಬುದನ್ನೂ ಕೇಳಲೇಬೇಕು. ತುಂಬಿದ ಬಸ್ಸಿನಲ್ಲಿ ಕೇಳಲಾಗುವುದಿಲ್ಲ. ಹದಿನೈದು ದಿನ ಕಳೆದ ಮೇಲೆ ಹುಡುಕಿದರೆ ಸಿಗುವುದೂ ಇಲ್ಲ. ಬರೆಯಲು ಬಾರದ ಹಿರಿಯರಿಗೆ ವಾಯ್ಸ್ ಮೆಸೇಜ್ ದೊಡ್ಡ ಅನುಕೂಲ, ಅದನ್ನು ನಾನು ಒಪ್ಪುತ್ತೇನೆ. ಎಸೆಸ್ಸೆಲ್ಸಿ ಪಾಸಾಗಿ ಬಂದ ನಮಗೆ ಆ ರಿಯಾಯಿತಿ ಬೇಕೆ?

ಹಿಂದೆ ಇದಕ್ಕೆ ತಾನಾಗಿಯೇ ಒಂದು ಕಡಿವಾಣ ಇತ್ತು. ಟೆಲಿಗ್ರಾಂ ಕಳುಹಿಸುವಾಗ ಪದ ಎಣಿಸಿ ದುಡ್ಡು ಕೊಡಬೇಕಿತ್ತು. ಹಾಗಾಗಿ ಬರೆಯುವವರು ಅಂಚೆ ಕಚೇರಿಯ ಬೆಂಚಿನಲ್ಲಿ ಕುಳಿತು ಯಾವ ಪದ ಬೇಕು, ಯಾವುದು ಬೇಡ ಎಂದು ಯೋಚಿಸುತ್ತಿದ್ದರು. 2013ರ ಜುಲೈಯಲ್ಲಿ ಆ ಸೇವೆ ನಿಂತಿತು. ನಾವು ಆಗ ಅಂಗನವಾಡಿಗೆ ಹೋಗುವ ವಯಸ್ಸಿನವರು. ಐವತ್ತು ಪೈಸೆಯ ಪೋಸ್ಟ್ ಕಾರ್ಡಿನಲ್ಲೂ ಜಾಗ ಇದ್ದದ್ದು ಅಂಗೈಯಷ್ಟು. ದುಡ್ಡಾಗಲಿ ಜಾಗವಾಗಲಿ, ಖರ್ಚು ಕಳುಹಿಸುವವರದ್ದಾಗಿತ್ತು. ಈಗ ಕಳುಹಿಸುವವರಿಗೆ ಒಂದು ಪೈಸೆ ಖರ್ಚಿಲ್ಲ. ಡೇಟಾವೂ ಸಮಯವೂ ಓದುವವರ ಲೆಕ್ಕದಿಂದ ಹೋಗುತ್ತದೆ. ಫಾರ್ವರ್ಡ್‌ಗಳ ಹಾವಳಿ ಅತಿಯಾದಾಗ 2018ರಲ್ಲಿ ವಾಟ್ಸ್ಆ್ಯಪ್ ಕಂಪೆನಿಯೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿತು. 2020ರಲ್ಲಿ, ಅನೇಕ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಇನ್ನೂ ಬಿಗಿ ಮಾಡಿತು. ಸುಳ್ಳು ಸುದ್ದಿ ತಡೆಯಲು ಮಾಡಿದ್ದು ಅದು. ನಮ್ಮ ಕೈಯಿಂದಲೇ ಬರೆದ ಅರೆಬರೆ ಮೆಸೇಜಿಗೆ ಯಾವ ಕಂಪೆನಿ ಮಿತಿ ಹಾಕೀತು?

ಈ ಬಗ್ಗೆ ಮಾತು ತೆಗೆದಾಗಲೆಲ್ಲ ಸಿಗುವ ಉತ್ತರ ಒಂದೇ: "ಬೇಡದಿದ್ದರೆ ಓದಬೇಡಿ, ಮ್ಯೂಟ್ ಮಾಡಿ." ಸ್ವಂತ ಫೋನ್ ಇರುವವರಿಗೆ ಈ ಮಾತು ಸುಲಭ. ನಮ್ಮ ಕಾಲೇಜಿಗೆ ಬರುವ ಎಲ್ಲರಿಗೂ ಸ್ವಂತ ಫೋನ್ ಇಲ್ಲ. ಎಷ್ಟೋ ಮನೆಗಳಲ್ಲಿ ಗ್ರೂಪಿನಲ್ಲಿರುವುದು ಉಮ್ಮನ ನಂಬರ್, ಇಲ್ಲವೇ ಕೆಲಸಕ್ಕೆ ಹೋಗುವ ಅಣ್ಣನ ನಂಬರ್. ರಾತ್ರಿ ಒಂಬತ್ತಕ್ಕೆ ಆ ಫೋನ್ ಮನೆಗೆ ಬರುತ್ತದೆ. ಅದಕ್ಕೆ ತಮ್ಮನದ್ದೂ ಕಾಯುವಿಕೆ ಇರುತ್ತದೆ, ಗಲ್ಫ್‌ನಲ್ಲಿರುವ ತಂದೆಯ ಕಾಲ್ ಬರುವ ಹೊತ್ತೂ ಅದೇ. ನಡುವೆ ಸಿಗುವುದು ಹತ್ತು ಹದಿನೈದು ನಿಮಿಷ.

ನಮ್ಮ ತರಗತಿಯ ಒಬ್ಬಳ ಕಥೆ ಅವಳ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತಿದ್ದೇನೆ. ಹೆಸರು ಬೇಡವೆಂದಳು. ಕಳೆದ ವರ್ಷ ಒಂದು ಟ್ರಸ್ಟಿನ ವಿದ್ಯಾರ್ಥಿವೇತನದ ಸೂಚನೆ ಮಂಗಳವಾರ ಸಂಜೆ ಗ್ರೂಪಿಗೆ ಬಂತು. ನೋಟಿಸ್ ಬೋರ್ಡಿನ ಗಾಜಿನ ಮೇಲಿಂದ ತೆಗೆದ ಓರೆ ಫೋಟೊ, ಮೇಲೆ ಒಂದಕ್ಷರ ವಿವರಣೆ ಇಲ್ಲ. ಅದಾದ ಅರ್ಧ ಗಂಟೆಯಲ್ಲಿ ಯಾರದ್ದೋ ಹುಟ್ಟುಹಬ್ಬ ಬಂತು. ಕೇಕು, ಹೂವು, ಸ್ಟಿಕ್ಕರ್, "ಪಾರ್ಟಿ ಯಾವಾಗ" ಎಲ್ಲ ಸೇರಿ ನೂರಕ್ಕಿಂತ ಹೆಚ್ಚು ಮೆಸೇಜ್. ಅವಳ ಉಮ್ಮ ಬೀಡಿ ಕಟ್ಟುವವರು. ಡೇಟಾ ಉಳಿಯಲೆಂದು ಅವರ ಫೋನಿನಲ್ಲಿ ಫೋಟೊಗಳು ತಾವಾಗಿ ಡೌನ್‌ಲೋಡ್ ಆಗದಂತೆ ಇಟ್ಟಿದ್ದರು. ರಾತ್ರಿ ಅವಳು ಬೆರಳಲ್ಲಿ ಸರಸರನೆ ಮೇಲಕ್ಕೆ ತಳ್ಳಿ ನೋಡಿದಾಗ ಆ ನೋಟಿಸು ಒಂದು ಮಸುಕು ಚೌಕವಾಗಿ ಉಳಿದಿತ್ತು. ಕೇಕಿನ ಫೋಟೊಗಳೂ ಮಸುಕು ಚೌಕಗಳೇ. ಅರ್ಜಿಯೊಂದಿಗೆ ಆದಾಯ ಪ್ರಮಾಣಪತ್ರ, ಎಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೊಡಬೇಕಿತ್ತು, ಕೊನೆಯ ದಿನ ಶುಕ್ರವಾರ. ಅವಳಿಗೆ ವಿಷಯ ತಿಳಿದದ್ದು ಸೋಮವಾರ, ಅದೂ ಕ್ಯಾಂಟೀನಿನಲ್ಲಿ ಬೇರೆಯವರು ಮಾತಾಡುವಾಗ.

ಇಲ್ಲಿ ತಪ್ಪು ಯಾರದ್ದು ಎಂದು ಹುಡುಕುವುದು ನನ್ನ ಉದ್ದೇಶವಲ್ಲ. ಫೋಟೊ ಹಾಕಿದವರು ಉಪಕಾರ ಮಾಡಲೆಂದೇ ಹಾಕಿದರು. ಶುಭಾಶಯ ಹೇಳಿದವರು ಪ್ರೀತಿಯಿಂದಲೇ ಹೇಳಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೂ ಒಂದು ವರ್ಷದ ಫೀಸಿನ ಅರ್ಧದಷ್ಟು ಹಣ ಆ ಮನೆಗೆ ಸಿಗದೆ ಹೋಯಿತು. ಆ ಫೋಟೊದ ಕೆಳಗೆ "ವಿದ್ಯಾರ್ಥಿವೇತನ ಅರ್ಜಿ, ಕೊನೆಯ ದಿನ ಶುಕ್ರವಾರ" ಎಂಬ ಐದು ಪದ ಇದ್ದಿದ್ದರೆ ಫೋಟೊ ತೆರೆಯದೆಯೂ ಅವಳಿಗೆ ಗೊತ್ತಾಗುತ್ತಿತ್ತು.

"ನಾನು ಕಳುಹಿಸುವುದು ಒಳ್ಳೆಯದನ್ನೇ ಅಲ್ವಾ" ಎಂಬುದು ಇನ್ನೊಂದು ವಾದ. ದುಆ, ಹದೀಸ್, ಉಪದೇಶದ ಕಥೆ, ಜುಮಾ ಮುಬಾರಕ್‌ನ ಹೂವಿನ ಚಿತ್ರ ಇವುಗಳನ್ನು ಯಾರಾದರೂ ಬೇಡವೆಂದರೆ ನಮಗೆ ಕಸಿವಿಸಿಯಾಗುತ್ತದೆ. ಈ ವಾದಕ್ಕೆ ನನ್ನಲ್ಲಿ ಸ್ವಂತ ಉತ್ತರ ಇಲ್ಲ, ಆದರೆ ನಾವೆಲ್ಲ ಮದರಸದಲ್ಲಿ ಕೇಳಿದ ಒಂದು ಘಟನೆ ಇದೆ. ಮುಆದ್ ಬಿನ್ ಜಬಲ್(ರ) ತಮ್ಮ ಜನರಿಗೆ ಇಶಾ ನಮಾಝ್‌ಗೆ ನೇತೃತ್ವ ಕೊಡುತ್ತಿದ್ದರು. ಒಂದು ರಾತ್ರಿ ಅವರು ಸೂರಃ ಅಲ್ ಬಕರಃ ಓದತೊಡಗಿದರು. ಕುರ್‌ಆನ್‌ನಲ್ಲೇ ಅತ್ಯಂತ ದೀರ್ಘವಾದ ಅಧ್ಯಾಯ ಅದು, 286 ಸೂಕ್ತಗಳು. ಹಿಂದೆ ನಿಂತಿದ್ದ ಒಬ್ಬರು ಒಂಟೆಗಳಿಂದ ನೀರು ಹೊರಿಸಿ ಹಗಲಿಡೀ ದುಡಿದು ಬಂದವರು. ಅವರು ಸಾಲಿನಿಂದ ಹೊರಬಂದು ಒಂಟಿಯಾಗಿ ನಮಾಝ್ ಮುಗಿಸಿ ಹೋದರು. ಅವರನ್ನು ಮುಆದ್ ಕಪಟಿಯೆಂದು ಆಕ್ಷೇಪಿಸಿದರು. ದೂರು ಪ್ರವಾದಿಯವರ(ಸ) ಬಳಿಗೆ ಬಂದಾಗ ಅವರು ಗದರಿದ್ದು ದಣಿದ ಆ ಮನುಷ್ಯನನ್ನಲ್ಲ, ಮುಆದರನ್ನು. ಜನರನ್ನು ಪರೀಕ್ಷೆಗೆ ಒಡ್ಡುತ್ತೀರಾ ಎಂದು ಕೇಳಿ, ಚಿಕ್ಕ ಸೂರಃಗಳ ಹೆಸರು ಹೇಳಿ ಅವುಗಳನ್ನು ಓದಲು ತಿಳಿಸಿದರು. ಹಿಂದೆ ನಿಂತವರಲ್ಲಿ ವೃದ್ಧರಿರುತ್ತಾರೆ, ದುರ್ಬಲರಿರುತ್ತಾರೆ, ಕೆಲಸವಿರುವವರಿರುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಒಬ್ಬರೇ ನಮಾಝ್ ಮಾಡುವಾಗ ಬೇಕಾದಷ್ಟು ದೀರ್ಘವಾಗಿ ಮಾಡಬಹುದು ಎಂದೂ ಬೇರೊಂದು ಹದೀಸ್‌ನಲ್ಲಿ ಬಂದಿದೆ.

ಮುಆದ್ ಓದಿದ್ದು ಕುರ್‌ಆನ್. ಅದಕ್ಕಿಂತ ಒಳ್ಳೆಯದು ಬೇರೆ ಏನಿದೆ? ಆದರೂ ಕೇಳುವವರ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದಾಯಿತು. ಹಾಗಿರುವಾಗ ಎಲ್ಲಿಂದಲೋ ಬಂದ, ಮೂಲ ಗೊತ್ತಿಲ್ಲದ ನಲವತ್ತು ಸಾಲಿನ ಉಪದೇಶವನ್ನು ಅಕೌಂಟೆನ್ಸಿ ನೋಟ್ಸಿನ ಗ್ರೂಪಿಗೆ ಹಾಕುವುದಕ್ಕೆ "ಒಳ್ಳೆಯದಲ್ವಾ" ಎಂಬ ಕಾರಣ ಸಾಕಾಗುವುದಿಲ್ಲ. ಇಬ್ನ್ ಮಸ್‌ಊದ್(ರ) ಜನರಿಗೆ ಗುರುವಾರ ಮಾತ್ರ ಉಪದೇಶ ಮಾಡುತ್ತಿದ್ದರಂತೆ. ದಿನಾ ಮಾಡಿ ಎಂದು ಕೇಳಿದವರಿಗೆ, ನಿಮಗೆ ಬೇಸರ ಬರಿಸಲು ನನಗೆ ಇಷ್ಟವಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಜನರು ತಾವಾಗಿ ಕೇಳಿದಾಗಲೂ! ಖುತ್ಬಾ ಚಿಕ್ಕದಾಗಿರುವುದು ಖತೀಬರ ತಿಳಿವಳಿಕೆಯ ಲಕ್ಷಣ ಎಂದು ಹದೀಸ್ ಇದೆ. (ಕೆಲವು ಜುಮಾಗಳಲ್ಲಿ ಈ ಹದೀಸ್ ನೆನಪಾಗುವುದುಂಟು, ಅದನ್ನು ಇಲ್ಲಿಗೆ ಬಿಡುತ್ತೇನೆ.)

ಸಲಾಮಿನ ವಿಷಯವೂ ಹಾಗೆಯೇ. ಉಪನ್ಯಾಸಕರು "ಅಸ್ಸಲಾಮು ಅಲೈಕುಂ, ನಾಳಿನ ಟೆಸ್ಟ್ ಹನ್ನೊಂದು ಗಂಟೆಗೆ" ಎಂದು ಬರೆದರೆ ಕೆಳಗೆ ನಲವತ್ತು "ವ ಅಲೈಕುಮುಸ್ಸಲಾಂ" ಸಾಲುಗಟ್ಟುತ್ತವೆ. ಬೆಳಿಗ್ಗೆ ನೋಡುವವರಿಗೆ ಟೆಸ್ಟಿನ ಸಮಯ ಆ ಸಾಲುಗಳ ಹಿಂದೆ ಎಲ್ಲೋ ಇರುತ್ತದೆ. ಒಂದು ಗುಂಪಿಗೆ ಸಲಾಂ ಹೇಳಿದಾಗ ಅದರಲ್ಲಿ ಒಬ್ಬರು ಉತ್ತರಿಸಿದರೆ ಎಲ್ಲರ ಮೇಲಿನ ಹೊಣೆ ಇಳಿಯುತ್ತದೆ ಎಂದು ಫಿಕ್‌ಹ್ ಪಾಠದಲ್ಲಿ ಕಲಿತಿದ್ದೇವೆ. ಉಳಿದವರು ಮನಸ್ಸಿನಲ್ಲೋ ಬಾಯಲ್ಲೋ ಹೇಳಿಕೊಳ್ಳಬಹುದು. "ಓಕೆ ಸರ್", "ಓಕೆ ಮೇಡಂ" ಎಂಬುದಕ್ಕೂ ಇದನ್ನೇ ಅನ್ವಯಿಸಿದರೆ ಒಳ್ಳೆಯದು. ಸರ್‌ಗೆ 68 ಓಕೆ ಬೇಕಾಗಿಲ್ಲ. ಮೆಸೇಜ್ ನೋಡಿದವರ ಪಟ್ಟಿ ಅವರ ಫೋನಿನಲ್ಲೇ ಕಾಣುತ್ತದೆ.

ಸಾವಿನ ಸುದ್ದಿಗೆ ಮಾತ್ರ ನಾನು ಈ ಲೆಕ್ಕ ಹಾಕುವುದಿಲ್ಲ. ಸಹಪಾಠಿಯ ಮನೆಯಲ್ಲಿ ಮರಣವಾದಾಗ "ಇನ್ನಾ ಲಿಲ್ಲಾಹಿ" ಎಂದು ಎಲ್ಲರೂ ಬರೆದರೆ ಅದನ್ನು ಅವರು ಮುಂದೊಂದು ದಿನ ತೆರೆದು ನೋಡುತ್ತಾರೆ, ಅದರಲ್ಲಿ ಒಂದು ಆಸರೆ ಇದೆ. ಆದರೆ ಸುದ್ದಿ ತಿಳಿಸುವ ಮೊದಲ ಮೆಸೇಜ್ ಸರಿಯಾಗಿರಲಿ. ನಮ್ಮ ಊರಿನ ಮಸೀದಿಯ ಮೈಕಿನಲ್ಲಿ ಮರಣದ ಘೋಷಣೆ ಕೇಳಿದ್ದೀರಲ್ಲ? ತೀರಿಕೊಂಡವರ ಹೆಸರು, ಯಾರ ಮಗ ಅಥವಾ ಯಾರ ಪತ್ನಿ, ಯಾವ ಮನೆ, ಜನಾಝ ನಮಾಝ್ ಎಷ್ಟು ಗಂಟೆಗೆ, ದಫನ ಎಲ್ಲಿ. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಎರಡು ಸಲ ಹೇಳುತ್ತಾರೆ. ಅದನ್ನು ಕೇಳಿದ ಮೇಲೆ ಯಾರೂ ಯಾರಿಗೂ ಫೋನ್ ಮಾಡಿ "ಯಾರು? ಯಾವಾಗ?" ಎಂದು ಕೇಳಬೇಕಾಗಿಲ್ಲ. ಸೂಚನೆ ಬರೆಯುವುದು ಹೇಗೆಂದು ನನಗೆ ಯಾರಾದರೂ ಕೇಳಿದರೆ ಆ ಮೈಕನ್ನೇ ತೋರಿಸುತ್ತೇನೆ. ಸುಲೈಮಾನ್(ಅ) ಸಬಾದ ರಾಣಿಗೆ ಬರೆದ ಪತ್ರದ ಪ್ರಸ್ತಾಪ ಸೂರಃ ಅನ್ನಮ್ಲ್‌ನಲ್ಲಿದೆ: ಯಾರ ಪತ್ರ, ಯಾರ ನಾಮದಿಂದ ಆರಂಭ, ರಾಣಿ ಏನು ಮಾಡಬೇಕು. ಅಷ್ಟರಲ್ಲಿ ಒಂದು ರಾಜ್ಯಕ್ಕೆ ಬರೆದ ಪತ್ರ ಮುಗಿದಿದೆ. ನಮ್ಮ ನೋಟಿಸುಗಳಲ್ಲಿ "ಈ ಮೂಲಕ ಕಾಲೇಜಿನ ಸಮಸ್ತ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ತಿಳಿಯಪಡಿಸುವುದೇನೆಂದರೆ" ಎಂಬಲ್ಲಿಗೇ ಎರಡು ಸಾಲು ಮುಗಿಯುತ್ತದೆ, ದಿನಾಂಕ ಐದನೇ ಸಾಲಿನಲ್ಲಿ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ತಪ್ಪು ತಿಳಿವಳಿಕೆ ಬೇಡ. ಚಿಕ್ಕದಾಗಿ ಬರೆಯುವುದೇ ಓದುವವರ ಸಮಯ ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಗ್ರೂಪಿನಲ್ಲಿ ಅತಿ ಹೆಚ್ಚು ಸಮಯ ತಿಂದ ಮೆಸೇಜ್‌ಗಳು ಅತಿ ಚಿಕ್ಕವು. "ಟೆಸ್ಟ್ ಪೋಸ್ಟ್‌ಪೋನ್." ಯಾವ ಟೆಸ್ಟ್? ಯಾವ ದಿನಕ್ಕೆ? ಹೇಳಿದವರು ಯಾರು? "ಸರ್ ಹೇಳಿದ್ದನ್ನು ನಾಳೆ ತನ್ನಿ." ಅಂದು ರಜೆ ಹಾಕಿದವರು ಏನು ತರಬೇಕು? ಈ ಮೂರು ನಾಲ್ಕು ಪದಗಳ ಹಿಂದೆ ಮೂವತ್ತು ಪ್ರಶ್ನೆ, ಮೂವತ್ತು ಪ್ರಶ್ನೆಗೆ ಹತ್ತು ಬಗೆಯ ಉತ್ತರ. ನಾಲ್ಕು ಸಾಲು ಬರೆದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆಯೇ "ನಾಳೆ", "ಇವತ್ತು", "ಮೊನ್ನೆ ಹೇಳಿದ" ಎಂಬ ಪದಗಳು ಗ್ರೂಪಿಗೆ ಆಗಿಬರುವುದಿಲ್ಲ, ಯಾಕೆಂದರೆ ಎಲ್ಲರೂ ಒಂದೇ ದಿನ ಓದುವುದಿಲ್ಲ. "ನಾಳೆ" ಎನ್ನುವ ಬದಲು "ಬುಧವಾರ, 16ನೇ ತಾರೀಕು" ಎಂದರೆ ಆ ಮೆಸೇಜ್ ಯಾವಾಗ ಓದಿದರೂ ಸುಳ್ಳಾಗುವುದಿಲ್ಲ.

ಪಿಡಿಎಫ್ ಕಳುಹಿಸುವವರಿಗೂ ಒಂದು ಮಾತು. "ಸ್ಕ್ಯಾನ್ 0047" ಎಂಬ ಹೆಸರಿನ ಕಡತ ಬಂದರೆ ಅದರೊಳಗೆ ಏನಿದೆಯೆಂದು ತೆರೆಯದೆ ಗೊತ್ತಾಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಅಂಥ ಮೂವತ್ತು ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದವರಿಗೆ ಇದರ ಕಷ್ಟ ಗೊತ್ತು. "ಅರ್ಥಶಾಸ್ತ್ರ, ಅಧ್ಯಾಯ 4" ಎಂದು ಹೆಸರು ಬದಲಿಸಲು ಅರ್ಧ ನಿಮಿಷ ಸಾಕು.

ಉಪನ್ಯಾಸಕರ ಸಮಯವೂ ಸಮಯವೇ. "ಸರ್, ಒಂದು ಡೌಟ್" ಎಂದು ಬರೆದು ಸುಮ್ಮನಿರುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇದೆ. ಸರ್ "ಹೇಳಿ" ಎನ್ನಬೇಕು. ಆಮೇಲೆ "ಪಾರ್ಟ್‌ನರ್‌ಶಿಪ್‌ನಲ್ಲಿ ಸರ್." "ಯಾವ ಲೆಕ್ಕ?" "ಎಂಟನೆಯದ್ದು." "ಅದರಲ್ಲಿ ಏನು?" ನಾಲ್ಕು ಬಾರಿ ಫೋನ್ ಎತ್ತಿ ಇಳಿಸಿದ ಮೇಲೆ ಪ್ರಶ್ನೆ ಸಿಗುತ್ತದೆ. ಹೀಗೆ ಕೇಳುವುದೇ ವಿನಯ ಎಂದು ನಾವು ಭಾವಿಸಿದ್ದೇವೆ. ಒಂದೇ ಸಲಕ್ಕೆ ಹೀಗೆ ಬರೆಯಬಹುದಲ್ಲ: "ಸರ್, ಪಾಲುದಾರನ ಪ್ರವೇಶ ಅಧ್ಯಾಯದ ಎಂಟನೇ ಲೆಕ್ಕದಲ್ಲಿ ಹೊಸ ಪಾಲುದಾರ ತಂದ ಗುಡ್‌ವಿಲ್ ಮೊತ್ತವನ್ನು ಹಳಬರಿಗೆ ಹಳೆಯ ಅನುಪಾತದಲ್ಲಿ ಹಂಚಿದೆ, ಉತ್ತರ ಬರಲಿಲ್ಲ. ತ್ಯಾಗದ ಅನುಪಾತದಲ್ಲಿ ಹಂಚಬೇಕಿತ್ತೇ?" ಇದರಲ್ಲಿ ಇನ್ನೊಂದು ಲಾಭವಿದೆ. ಪ್ರಶ್ನೆಯನ್ನು ಇಷ್ಟು ಪೂರ್ತಿಯಾಗಿ ಬರೆಯುವಷ್ಟರಲ್ಲಿ ಎಷ್ಟೋ ಸಲ ಉತ್ತರ ನಮಗೇ ಹೊಳೆದುಬಿಡುತ್ತದೆ, ಕಳುಹಿಸುವ ಅಗತ್ಯವೇ ಬೀಳುವುದಿಲ್ಲ.

ಇದಕ್ಕೆಲ್ಲ ಪರಿಹಾರವೆಂದು ಕೆಲವರು ಗ್ರೂಪಿಗೆ ಬೀಗ ಹಾಕೋಣ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡೋಣ ಎನ್ನುತ್ತಾರೆ. ಸೂಚನೆಗಳಿಗೆ ಮಾತ್ರ ಒಂದು ಗ್ರೂಪ್ ಇದ್ದು ಅದು ಹಾಗಿರುವುದಾದರೆ ನನ್ನ ಅಭ್ಯಂತರವಿಲ್ಲ, ಅದು ಬೇಗ ಆಗಲಿ. ಇರುವ ಒಂದೇ ಗ್ರೂಪಿಗೆ ಬೀಗ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ತರಗತಿಯಲ್ಲಿ ಎದ್ದು ನಿಂತು ಕೇಳಲು ಅಂಜುವವರು ಅಲ್ಲಿ ಕೇಳುತ್ತಾರೆ. ಮೊದಲ ವರ್ಷ ಮುಗಿಯುವವರೆಗೂ ಬಾಯಿ ಬಿಡದವರು ಅಲ್ಲಿ ಮೊದಲ ಬಾರಿಗೆ ಪ್ರಶ್ನೆ ಹಾಕಿದ್ದನ್ನು ನಾನು ನೋಡಿದ್ದೇನೆ. ಅಲ್ಲದೆ ಬೀಗ ಹಾಕಿದರೂ ಓರೆ ಫೋಟೊ ಓರೆಯಾಗಿಯೇ ಬರುತ್ತದೆ; ಅಡ್ಮಿನ್ ಹಾಕಿದ ಮಾತ್ರಕ್ಕೆ ಅದರಲ್ಲಿ ದಿನಾಂಕ ಮೂಡುವುದಿಲ್ಲ.

"ಹೇಗೆ ಬರೆದರೂ ಮಕ್ಕಳು ಓದುವುದಿಲ್ಲ" ಎಂಬ ದೂರು ಸ್ಟಾಫ್ ರೂಮಿನಲ್ಲಿದೆ. ಅದು ಸುಳ್ಳಲ್ಲ. ನೂರು ಮೆಸೇಜ್‌ನಲ್ಲಿ ತೊಂಬತ್ತೈದು ತನಗೆ ಬೇಡದ್ದು ಎಂದು ದಿನಾ ಅನುಭವಕ್ಕೆ ಬಂದವರು ಉಳಿದ ಐದನ್ನೂ ಓದದಿರಲು ಕಲಿಯುತ್ತಾರೆ. ಅವರನ್ನು ಬೈದು ಓದಿಸಲಾಗದು. ಆ ತೊಂಬತ್ತೈದು ಕಡಿಮೆಯಾದರೆ ಓದಿಯಾರು.

ಹಾಗಾಗಿ ಕಚೇರಿಗೆ ನನ್ನದೊಂದು ವಿನಂತಿ. ವಿದ್ಯಾರ್ಥಿವೇತನ, ಪರೀಕ್ಷಾ ಶುಲ್ಕ, ಅರ್ಜಿಗಳ ಕೊನೆಯ ದಿನ ಇವುಗಳ ನೋಟಿಸನ್ನು ಫೋಟೊ ತೆಗೆದು ಹಾಕುವ ಬದಲು ಟೈಪ್ ಮಾಡಿ ಹಾಕುವಂತಾಗಲಿ. ಮೊದಲ ಸಾಲಿನಲ್ಲಿ ವಿಷಯ, ಎರಡನೆಯದರಲ್ಲಿ ಕೊನೆಯ ದಿನಾಂಕ ಮತ್ತು ವಾರ, ಆಮೇಲೆ ಬೇಕಾದ ದಾಖಲೆಗಳು, ಯಾವ ಕೌಂಟರಿನಲ್ಲಿ ಯಾರ ಕೈಗೆ ಕೊಡಬೇಕು ಎಂಬುದು. ಕಚೇರಿಯಲ್ಲಿ ಕೆಲಸದ ಒತ್ತಡ ಇರುವುದು ನಮಗೂ ಗೊತ್ತು, ಅಡ್ಮಿಷನ್ ಸಮಯದಲ್ಲಂತೂ ಊಟಕ್ಕೂ ಬಿಡುವಿರುವುದಿಲ್ಲ. ಆದ್ದರಿಂದ ನಮ್ಮ ತರಗತಿಯ ಮೂವರು ಇದನ್ನು ಟೈಪ್ ಮಾಡಿಕೊಡಲು ಒಪ್ಪಿದ್ದೇವೆ. ಝುಹರ್ ನಮಾಝ್ ಮುಗಿದ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಹದಿನೈದು ನಿಮಿಷ ಸಿಗುತ್ತದೆ. ನೋಟಿಸು ನಮ್ಮ ಕೈಗೆ ಕೊಟ್ಟರೆ ಬರೆದು ತೋರಿಸುತ್ತೇವೆ, ಕಚೇರಿಯವರು ಒಮ್ಮೆ ನೋಡಿ ಸರಿಯೆಂದ ಮೇಲೆ ಗ್ರೂಪಿಗೆ ಹೋಗಲಿ.